ಬಂದ್‌ಗೆ ಬಂದವರು ಮಹಜರಿಗೆ ಬರಲಿಲ್ಲ: ದಾವಣಗೆರೆ, ಚಿತ್ರದುರ್ಗದ ನಾಗರಿಕರಿಗೆ ಒಂದು ಬಹಿರಂಗ ಪತ್ರ

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ನಾಗರಿಕ ಬಂಧುಗಳಿಗೆ, ವರ್ತಕರಿಗೆ ಹಾಗೂ ವಕೀಲ ಮಿತ್ರರಿಗೆ ನಮಸ್ಕಾರಗಳು.

ಎರಡೂ ಊರುಗಳು ಒಂದೇ ಜಿಲ್ಲೆಯಾಗಿದ್ದ ಕಾಲದಲ್ಲಿ ನ್ಯಾಯಾಲಯದ ಗುಮಾಸ್ತನಾಗಿ ಸೇರಿ, 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾದ ಮೇಲೆ ಬೆಂಚ್ ಕ್ಲರ್ಕ್ ಆಗಿ, ಕೊನೆಗೆ ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ವಾದ ಮಾಡುವುದಾಗಲಿ ತೀರ್ಪು ಬರೆಯುವುದಾಗಲಿ ನನ್ನ ಪಾಲಿಗೆ ಬಂದ ಕೆಲಸವಲ್ಲ. ದಾಖಲೆಗಳಿಗೆ ನಿಶಾನೆ ಹಾಕುವುದು, ಮುದ್ದೆಮಾಲಿಗೆ, ಅಂದರೆ ಪ್ರಕರಣದಲ್ಲಿ ಜಪ್ತಿಯಾದ ವಸ್ತುಗಳಿಗೆ, ಚೀಟಿ ಅಂಟಿಸಿ ಬೀರುವಿನಲ್ಲಿ ಇಡಿಸುವುದು, ಶಿಕ್ಷೆಯಾದ ಮೇಲೆ ಮೇಲ್ಮನವಿ ದಾಖಲಾಗಿ ಉಚ್ಚ ನ್ಯಾಯಾಲಯದಿಂದ ಕಡತ ಕೇಳಿ ಪತ್ರ ಬಂದಾಗ ಪುಟಪುಟಕ್ಕೂ ಸಂಖ್ಯೆ ಹಾಕಿ, ದಾರ ಪೋಣಿಸಿ, ಕಟ್ಟು ಕಟ್ಟಿ ಬೆಂಗಳೂರಿಗೆ ಕಳಿಸುವುದು, ಇಷ್ಟೇ ನನ್ನ ಅಧಿಕಾರವಾಗಿತ್ತು. ಹಾಗೆ ಕಳಿಸಿದ ಕಟ್ಟು ವರ್ಷಗಳು ಕಳೆದ ಮೇಲೆ ತೀರ್ಪಿನ ಪ್ರತಿಯೊಂದಿಗೆ ನನ್ನ ಮೇಜಿಗೇ ಮರಳಿ ಬರುತ್ತಿತ್ತು. ಅದನ್ನು ದಾಖಲೆ ಕೋಣೆಗೆ ಸೇರಿಸುವ ಮೊದಲು ಓದುವ ಚಟ ನನಗಿತ್ತು. ಈ ಪತ್ರ ಹುಟ್ಟಿದ್ದು ಆ ಓದಿನಿಂದ.

ಹಣಕ್ಕಾಗಿ ಒಬ್ಬರ ಮಗುವನ್ನು ಎತ್ತಿಕೊಂಡು ಹೋಗಿ ಕೊಂದ ಪ್ರಕರಣ ನಡೆದಾಗ ಊರು ಹೇಗಿರುತ್ತದೆಂದು ನಿಮಗೆ ಗೊತ್ತಿದೆ. ಅಂಗಡಿಗಳು ಮುಚ್ಚುತ್ತವೆ, ಜಯದೇವ ವೃತ್ತದಲ್ಲಿ ಟೈರು ಸುಡುತ್ತದೆ, ಗಲ್ಲಿಗೇರಿಸಿ ಎಂಬ ಕೂಗು ಏಳುತ್ತದೆ. ಮುಂದೆ ಸೆಷನ್ಸ್ ನ್ಯಾಯಾಲಯ ಶಿಕ್ಷೆ ವಿಧಿಸಿದಾಗ ಸಿಹಿ ಹಂಚುವುದನ್ನೂ ಕಂಡಿದ್ದೇನೆ. ಆಮೇಲೆ ಯಾವತ್ತೋ ಒಂದು ದಿನ, ಮೇಲ್ಮನವಿಯಲ್ಲಿ ಶಿಕ್ಷೆ ರದ್ದಾಯಿತು ಅಥವಾ ಇಳಿಯಿತು ಎಂಬ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಬರುತ್ತದೆ. ಆಗ ಬೆಣ್ಣೆ ದೋಸೆಯ ಹೋಟೆಲಿನ ಬೆಂಚಿನ ಮೇಲೆ ಕೂತವರೆಲ್ಲರ ಬಾಯಲ್ಲಿ ಒಂದೇ ಮಾತು: "ರೊಕ್ಕ ಕೆಲಸ ಮಾಡ್ತು ಬಿಡ್ರಿ." ಹಣ ಎಲ್ಲೂ ಕೆಲಸ ಮಾಡುವುದಿಲ್ಲ ಎಂದು ವಾದಿಸುವಷ್ಟು ಮುಗ್ಧ ನಾನಲ್ಲ. ಆದರೆ ಹಿಂದಿರುಗಿ ಬಂದ ಕಡತಗಳಲ್ಲಿ ನಾನು ಓದಿದ ಕಾರಣಗಳು ಬೇರೆ. ಅವುಗಳಲ್ಲಿ ಬಹುಪಾಲು ಬೆಂಗಳೂರಿನಲ್ಲಿ ಹುಟ್ಟಿದವಲ್ಲ. ನಮ್ಮೂರಿನಲ್ಲಿ, ಘಟನೆ ನಡೆದ ಮೊದಲ ನಾಲ್ಕಾರು ದಿನಗಳಲ್ಲಿ, ನಮ್ಮ ನಿಮ್ಮ ಕೈಯಲ್ಲೇ ಹುಟ್ಟಿದವು. ಮುಂದೆ ಹೇಳುವ ಪ್ರಸಂಗಗಳಲ್ಲಿ ಯಾರ ಗುರುತೂ ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಯಾವ ಮನೆಯವರಿಗೂ ಮತ್ತೆ ನೋವಾಗಬಾರದು.

ಮೇಲ್ಮನವಿ ಎಂದರೇನು ಎಂಬುದನ್ನು ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಜೀವಾವಧಿ ಶಿಕ್ಷೆಯಾದವನು 60 ದಿನಗಳಲ್ಲಿ, ಮರಣದಂಡನೆಯಾದವನು 30 ದಿನಗಳಲ್ಲಿ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ತೀರ್ಪಿನ ಪ್ರತಿ ಅವನಿಗೆ ಉಚಿತವಾಗಿ ಸಿಗಬೇಕು, ಜೈಲಿನಲ್ಲಿದ್ದರೆ ಜೈಲಿನ ಅಧಿಕಾರಿಯ ಮೂಲಕವೇ ಅರ್ಜಿ ಹೋಗಬಹುದು. ಮರಣದಂಡನೆಯಾದರಂತೂ ಅವನು ಅರ್ಜಿ ಹಾಕಲಿ ಬಿಡಲಿ, ಉಚ್ಚ ನ್ಯಾಯಾಲಯ ದೃಢೀಕರಿಸದೆ ಆ ಶಿಕ್ಷೆ ಜಾರಿಯಾಗುವಂತಿಲ್ಲವಾದ್ದರಿಂದ ಕಡತ ತಾನಾಗಿಯೇ ಹೋಗುತ್ತದೆ. ನಮ್ಮ ಎರಡೂ ಜಿಲ್ಲೆಗಳ ಕಡತಗಳು ಹೋಗುವುದು ಬೆಂಗಳೂರಿನ ಪ್ರಧಾನ ಪೀಠಕ್ಕೆ. ತುಂಗಭದ್ರೆಯ ಆಚೆ ದಡದ ರಾಣೆಬೆನ್ನೂರಿನವರ ಮೇಲ್ಮನವಿ ಧಾರವಾಡ ಪೀಠಕ್ಕೆ ಹೋದರೆ, ಈಚೆ ದಡದ ಹರಿಹರದವರದು ಸುಮಾರು 270 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗುತ್ತದೆ. ಅಲ್ಲಿ ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠ ಇಡೀ ಸಾಕ್ಷ್ಯವನ್ನು ಮೊದಲಿನಿಂದ ತೂಗಿ ನೋಡುತ್ತದೆ. ಅದು ಆ ಪೀಠದ ಔದಾರ್ಯವಲ್ಲ, ಕರ್ತವ್ಯ. ಆದರೆ ಅವರ ಮುಂದೆ ಅಳುವ ತಾಯಿ ನಿಂತಿರುವುದಿಲ್ಲ, ನಾವು ಕೂಗಿದ ಘೋಷಣೆ ಕೇಳಿಸುವುದಿಲ್ಲ. ನಾನು ಕಟ್ಟಿ ಕಳಿಸಿದ ಕಾಗದಗಳಷ್ಟೇ ಇರುತ್ತವೆ. ಕಾಗದದಲ್ಲಿ ಬಾರದೆ ಹೋದದ್ದು ಅವರ ಮಟ್ಟಿಗೆ ನಡೆದೇ ಇಲ್ಲ.

ಆ ಕಾಗದದಲ್ಲಿ ಏನು ಇರಬೇಕೆಂದು ಕಾನೂನು ಕೇಳುತ್ತದೆ? ಒತ್ತೆಹಣಕ್ಕಾಗಿ ಅಪಹರಣ ಎಂಬ ಅಪರಾಧವನ್ನು ಭಾರತೀಯ ದಂಡ ಸಂಹಿತೆಯ 364ಎ ಕಲಮಾಗಿ ಸೇರಿಸಿದ್ದು 1993ರಲ್ಲಿ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 140ನೇ ಕಲಮಿನ 2ನೇ ಉಪಕಲಮಾಗಿದೆ. ಶಿಕ್ಷೆ ಮರಣದಂಡನೆ ಇಲ್ಲವೇ ಜೀವಾವಧಿ, ಅದರ ಜೊತೆಗೆ ದಂಡ. ನಡುವೆ ಮೂರನೆಯ ಆಯ್ಕೆ ಇಲ್ಲ. ಇಷ್ಟು ಕಠಿಣ ಶಿಕ್ಷೆ ಸಂವಿಧಾನಕ್ಕೆ ಒಪ್ಪುವುದೇ ಎಂಬ ಪ್ರಶ್ನೆ ಪಂಜಾಬಿನ ವಿಕ್ರಂ ಸಿಂಗ್ ಪ್ರಕರಣದಲ್ಲಿ ಎದ್ದಾಗ, 2015ರಲ್ಲಿ ಸುಪ್ರೀಂ ಕೋರ್ಟ್ ಆ ಕಲಮನ್ನು ಎತ್ತಿಹಿಡಿಯಿತು. ಶಿಕ್ಷೆ ಹೀಗೆ ಬಿಗಿಯಾಗಿರುವುದರಿಂದಲೇ ಪುರಾವೆಯನ್ನೂ ಬಿಗಿಯಾಗಿ ಕೇಳುತ್ತಾರೆ. ಅಪಹರಣ ನಡೆದಿರಬೇಕು. ಕೊಲ್ಲುವ ಅಥವಾ ಗಾಯಪಡಿಸುವ ಬೆದರಿಕೆ ಇರಬೇಕು, ಅಥವಾ ಹಾಗಾದೀತೆಂಬ ಸಕಾರಣ ಭಯ ಹುಟ್ಟಿಸುವ ನಡತೆ ಇರಬೇಕು, ಅಥವಾ ನಿಜಕ್ಕೂ ಗಾಯ ಇಲ್ಲವೇ ಸಾವು ಸಂಭವಿಸಿರಬೇಕು. ಅದೆಲ್ಲ ಹಣ ಕೊಡುವಂತೆ ಒತ್ತಾಯಿಸುವ ಉದ್ದೇಶದಿಂದಲೇ ಆಗಿರಬೇಕು. 2021ರ ಜೂನ್‌ನಲ್ಲಿ ತೆಲಂಗಾಣದ ಶೇಖ್ ಅಹ್ಮದ್ ಪ್ರಕರಣದಲ್ಲಿ, ಶಾಲಾ ಬಾಲಕನನ್ನು ಕರೆದೊಯ್ದು ತಂದೆಗೆ 2 ಲಕ್ಷ ರೂಪಾಯಿ ಕೇಳಿದ ಆಟೊ ಚಾಲಕನಿಗೆ ವಿಧಿಸಿದ್ದ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿ, ಸಾಮಾನ್ಯ ಅಪಹರಣದ ಅಪರಾಧಕ್ಕೆ 7 ವರ್ಷದ ಶಿಕ್ಷೆಗೆ ಇಳಿಸಿತು. ಅಪಹರಣ ಸಾಬೀತಾಗಿತ್ತು, ಹಣ ಕೇಳಿದ್ದೂ ಸಾಬೀತಾಗಿತ್ತು, ಬೆದರಿಕೆ ಮಾತ್ರ ಸಾಬೀತಾಗಿರಲಿಲ್ಲ.

ಈ ತೀರ್ಪನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಕಡೆಯ ಒಬ್ಬ ತಾಯಿ. ಅವರ ಮಗ ದೈವಕ್ಕೆ ಬದುಕಿ ಬಂದಿದ್ದ. ಕರೆ ಮಾಡಿದವನು ಏನೆಂದನೆಂದು ಸರ್ಕಾರಿ ಅಭಿಯೋಜಕರು ಕೇಳಿದಾಗ ಆಕೆ ಕಟಕಟೆಯ ಕಂಬಿ ಹಿಡಿದು, "ರೊಕ್ಕ ತರ್ಲಿಲ್ಲಾಂದ್ರೆ ನಿನ್ ಹುಡುಗನ್ನ ನಾಲೇಲಿ ಹುಡುಕ್ಯ ಅಂದ ಸ್ವಾಮಿ" ಎಂದರು. ಬೆದರಿಕೆಗೆ ಇದಕ್ಕಿಂತ ಸ್ಪಷ್ಟವಾದ ಮಾತು ಬೇಕೆ? ಪಾಟಿ ಸವಾಲಿಗೆ ಎದ್ದ ಎದುರು ಪಕ್ಷದ ವಕೀಲರು ಆಕೆಯ ದೂರನ್ನೇ ಆಕೆಗೆ ತೋರಿಸಿದರು. ಅದರಲ್ಲಿದ್ದದ್ದು, "ಯಾರೋ ಅಪರಿಚಿತ ವ್ಯಕ್ತಿಯು ಮೊಬೈಲ್ ಮುಖಾಂತರ ಕರೆ ಮಾಡಿ ಹಣದ ಬೇಡಿಕೆ ಇಟ್ಟಿದ್ದು ಇರುತ್ತದೆ" ಎಂಬ ಒಂದು ಸಾಲು. ನಾಲೆ ಇಲ್ಲ, ಹುಡುಕುವುದು ಇಲ್ಲ. "ನಾನು ಹೇಳಿದ್ದೆ, ಅವರು ಬರ್ಕೊಳ್ಳಲಿಲ್ಲ" ಎಂದು ಆಕೆ ಅತ್ತರು. ದೂರಿನಲ್ಲಿ ಇಲ್ಲದ ಮುಖ್ಯ ಸಂಗತಿ ಸಾಕ್ಷಿ ನುಡಿಯುವಾಗ ಮೊದಲ ಬಾರಿ ಬಂದರೆ, ಅದನ್ನು ಆಮೇಲೆ ಸೇರಿಸಿದ ಮಾತೆಂದು ಅನುಮಾನಿಸುವುದು ನ್ಯಾಯಾಲಯದ ರೂಢಿ. ಮೇಲ್ಮನವಿಯಲ್ಲಿ ಆ ಅನುಮಾನದ ಲಾಭ ಆರೋಪಿಗೆ ಸಿಕ್ಕಿತು.

ಠಾಣೆಯ ಕನ್ನಡ ಎಂಬುದೊಂದು ಪ್ರತ್ಯೇಕ ಭಾಷೆಯೇ ಇದೆ, ನಾನು ಅದರಲ್ಲೇ ತಲೆ ಬಿಳಿ ಮಾಡಿಕೊಂಡವನು. ಅದರಲ್ಲಿ ಎಲ್ಲವೂ "ಇರುತ್ತದೆ", ಎಲ್ಲರೂ "ಸದರಿ", ಯಾರ ಬಾಯಿಯ ಮಾತೂ ಅದರೊಳಗೆ ಜೀವಂತವಾಗಿ ಉಳಿಯುವುದಿಲ್ಲ. ಕೆಳಗಿನ ನ್ಯಾಯಾಲಯದಲ್ಲಿ ಕನ್ನಡದಲ್ಲೇ ದಾಖಲಾದ ಸಾಕ್ಷ್ಯವನ್ನು ಉಚ್ಚ ನ್ಯಾಯಾಲಯಕ್ಕಾಗಿ ಇಂಗ್ಲಿಷಿಗೆ ತರುವಾಗ ಇನ್ನೊಂದು ಪದರ ಕಳಚುತ್ತದೆ. "ನೋಡ್ಕಂತೀನಿ" ಎಂಬ ನಮ್ಮ ಮಾತಿನಲ್ಲಿ ಎಷ್ಟು ವಿಷವಿರಬಹುದೆಂದು ದಾವಣಗೆರೆಯ ಮಕ್ಕಳಿಗೂ ಗೊತ್ತು. ಭಾಷಾಂತರದಲ್ಲಿ ಅದು ಬರೀ ನೋಡುವ ಕ್ರಿಯೆಯಾಗಿ ಉಳಿದದ್ದನ್ನು ನಾನೇ ಓದಿದ್ದೇನೆ. ಆದ್ದರಿಂದ ಇಂಥ ಕಷ್ಟ ಯಾರಿಗೂ ಬಾರದಿರಲಿ, ಬಂದರೆ ದೂರು ಬರೆಸುವವರು ಕಿವಿಗೆ ಬಿದ್ದ ಮಾತನ್ನು ಬಿದ್ದ ಹಾಗೆಯೇ, ಆಡುಮಾತಿನಲ್ಲಿಯೇ, ಉದ್ಧರಣ ಚಿಹ್ನೆಯೊಳಗೆ ಬರೆಸಬೇಕು. ಓದಿ ಹೇಳಿಸಿಕೊಂಡ ಮೇಲೆಯೇ ಸಹಿ ಹಾಕಬೇಕು. ದುಃಖದಲ್ಲಿರುವ ತಂದೆತಾಯಿಗೆ ಇದು ಹೊಳೆಯುವುದಿಲ್ಲ. ಜೊತೆಯಲ್ಲಿ ಹೋಗುವ ನೆಂಟರು, ನೆರೆಯವರು, ಪಾಲಿಕೆ ಸದಸ್ಯರು ಇದನ್ನು ನೆನಪಿಸಬೇಕು.

ಇನ್ನು ಪಂಚರ, ಅಂದರೆ ಪೊಲೀಸರ ಪತ್ತೆಗೆ ಸಾಕ್ಷಿಯಾಗಿ ಸಹಿ ಹಾಕುವವರ, ವಿಷಯ. ಈ ಪತ್ರ ಬರೆಯಲು ನನ್ನನ್ನು ಮುಖ್ಯವಾಗಿ ಪ್ರೇರೇಪಿಸಿದ್ದು ಇದೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಅಪಹರಿಸಿ ಕೊಂದ ಪ್ರಕರಣಗಳಲ್ಲಿ ಕೊಲೆಯನ್ನು ಕಣ್ಣಾರೆ ಕಂಡ ಸಾಕ್ಷಿ ಸಾಮಾನ್ಯವಾಗಿ ಇರುವುದಿಲ್ಲ. ಎಲ್ಲವೂ ಸಾಂದರ್ಭಿಕ ಸಾಕ್ಷ್ಯ. ಮಗುವನ್ನು ಆರೋಪಿಯ ಜೊತೆ ಕೊನೆಯದಾಗಿ ಕಂಡವರು, ಹಣ ಕೇಳಿ ಬಂದ ಕರೆ, ಆರೋಪಿ ತೋರಿಸಿಕೊಟ್ಟ ಜಾಗದಲ್ಲಿ ಸಿಕ್ಕ ಶವ, ಶಾಲೆಯ ಚೀಲ, ಚಪ್ಪಲಿ, ಬಳಸಿದ ಹಗ್ಗ, ಇವು ಒಂದಕ್ಕೊಂದು ಕೊಂಡಿಯಾಗಿ ಕೂಡಿಕೊಳ್ಳಬೇಕು. ಶರದ್ ಬಿರ್ಧಿಚಂದ್ ಸಾರ್ಡಾ ಪ್ರಕರಣದಲ್ಲಿ 1984ರಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಐದು ನಿಯಮಗಳ ಸಾರವೆಂದರೆ, ಪ್ರತಿಯೊಂದು ಕೊಂಡಿಯೂ ಪೂರ್ಣವಾಗಿ ಸಾಬೀತಾಗಿ, ಇಡೀ ಸರಪಳಿ ಆರೋಪಿಯನ್ನು ಬಿಟ್ಟು ಬೇರೆ ಯಾರನ್ನೂ ತೋರಿಸದಂತಿರಬೇಕು. ಆರೋಪಿ ಪೊಲೀಸರ ಮುಂದೆ ಕೊಟ್ಟ ಸ್ವಇಚ್ಛಾ ಹೇಳಿಕೆಯಲ್ಲಿ ತಪ್ಪೊಪ್ಪಿಗೆಯ ಭಾಗಕ್ಕೆ ಬೆಲೆಯಿಲ್ಲ. ಅದರಿಂದ ಹೊಸದಾಗಿ ಏನಾದರೂ ಪತ್ತೆಯಾದರೆ ಆ ಪತ್ತೆಗೆ ಸಂಬಂಧಿಸಿದಷ್ಟು ಮಾತಿಗೆ ಮಾತ್ರ ಬೆಲೆ. ಆ ಪತ್ತೆಯನ್ನು ಕಂಡು ಸಹಿ ಹಾಕುವವರೇ ಪಂಚರು. ಕಾನೂನು ಕೇಳುವುದು ಆ ಪ್ರದೇಶದ ಸ್ವತಂತ್ರ ಹಾಗೂ ಗೌರವಾನ್ವಿತ ನಿವಾಸಿಗಳನ್ನು.

ಒಂದು ಪ್ರಕರಣದಲ್ಲಿ ಭದ್ರಾ ನಾಲೆಯ ಬದಿಯಲ್ಲಿ ಶವ ಸಿಕ್ಕ ದಿನ ಊರಿಗೆ ಊರೇ ಅಲ್ಲಿ ನೆರೆದಿತ್ತು. ಸ್ಥಳದಲ್ಲಿ ಕಂಡದ್ದನ್ನು ಬರೆದ ಮಹಜರಿಗೆ ಸಹಿ ಹಾಕಿ ಎಂದು ಪೊಲೀಸರು ಕೇಳಿದಾಗ, ಗುಂಪಿನಲ್ಲಿದ್ದ ಅಂಗಡಿ ಮಾಲೀಕರು, ಮೇಷ್ಟರು, ಗುತ್ತಿಗೆದಾರರು ಒಬ್ಬೊಬ್ಬರಾಗಿ ಜಾರಿಕೊಂಡರು. ಕೊನೆಗೆ ಸಿಕ್ಕವರು ಮಂಡಕ್ಕಿ ಭಟ್ಟಿಯ ಒಬ್ಬ ಕೂಲಿಯಾಳು ಮತ್ತು ಮಾರುಕಟ್ಟೆಯ ಒಬ್ಬ ಹಮಾಲಿ. ಕೆಲಸ ಬಿಟ್ಟು ಬಂದವರು, ಅಕ್ಷರ ಹೆಚ್ಚು ಬಾರದವರು. ಮೂರು ವರ್ಷದ ನಂತರ ಸಮನ್ಸ್ ಬಂದಾಗ ಹಮಾಲಿ ಊರು ಬಿಟ್ಟಿದ್ದ. ಭಟ್ಟಿಯ ಆಳು ಬಂದ. ಎರಡು ಸಲ ಬಂದು, ಪ್ರಕರಣ ಮುಂದೂಡಿದ್ದರಿಂದ ಕೂಲಿ ಕಳೆದುಕೊಂಡು ವಾಪಸು ಹೋಗಿ, ಮೂರನೆಯ ಸಲ ಕಟಕಟೆ ಹತ್ತಿ, ನ್ಯಾಯಾಲಯದ ಗೋಡೆಗಳಿಗೂ ಬಾಯಿಪಾಠವಾಗಿರುವ ಆ ವಾಕ್ಯವನ್ನು ಹೇಳಿದ: "ಠಾಣೇಲಿ ಸಹಿ ಹಾಕಿಸ್ಕಂಡ್ರು, ಏನು ಬರ್ದಿದ್ರೋ ಗೊತ್ತಿಲ್ಲ." ಅವನನ್ನು ಪ್ರತಿಕೂಲ ಸಾಕ್ಷಿಯೆಂದು ಪರಿಗಣಿಸಲಾಯಿತು. ಊಟದ ಹೊತ್ತಿನಲ್ಲಿ ನನ್ನ ಮೇಜಿನ ಹತ್ತಿರ ಬಂದು, ಬಸ್ ಚಾರ್ಜಿಗೆ ಸಾಕ್ಷಿ ಭತ್ಯೆ ಎಲ್ಲಿ ಕೊಡುತ್ತಾರೆಂದು ಕೇಳಿದ. ಆರೋಪಿಯ ಕಡೆಯವರಿಂದ ಅವನು ಹಣ ಪಡೆದಿದ್ದನೋ ಹೆದರಿದ್ದನೋ ನನಗೆ ತಿಳಿಯದು. ಅವನ ಜಾಗದಲ್ಲಿ ನಿಂತು ಹೆದರದೆ ಮಾತಾಡಬಲ್ಲ ಹತ್ತಾರು ಜನ ಆ ದಿನ ನಾಲೆಯ ಏರಿಯ ಮೇಲೆ ಇದ್ದರು ಎಂಬುದಷ್ಟೇ ನನಗೆ ಗೊತ್ತು. ಮಾರನೆಯ ದಿನದ ಬಂದ್‌ನಲ್ಲಿ ಅವರಲ್ಲಿ ಹಲವರನ್ನು ನಾನು ಕಂಡೆ.

ಪಂಚರು ತಿರುಗಿಬಿದ್ದ ಮಾತ್ರಕ್ಕೆ ಪ್ರಕರಣ ಬಿದ್ದುಹೋಗುತ್ತದೆಂದು ನಾನು ಹೇಳುತ್ತಿಲ್ಲ. ತನಿಖಾಧಿಕಾರಿಯ ಸಾಕ್ಷ್ಯ ನಂಬಲರ್ಹವಾಗಿದ್ದರೆ ಅದರ ಮೇಲೆಯೇ ಪತ್ತೆಯನ್ನು ಒಪ್ಪಬಹುದು. ಆದರೆ ಆ ಪ್ರಕರಣದಲ್ಲಿ ಇನ್ನೊಂದು ಎಡವಟ್ಟಾಗಿತ್ತು. ನೆರೆದ ಗುಂಪಿನಲ್ಲಿ ಯಾರೋ ಮೊಬೈಲಿನಲ್ಲಿ ತೆಗೆದು ಹಂಚಿದ ವಿಡಿಯೊದಲ್ಲಿ ಶವ ಆಗಲೇ ದಡದ ಮೇಲಿತ್ತು, ಅದರ ಸಮಯ ಮಹಜರಿನಲ್ಲಿ ಬರೆದ ಸಮಯಕ್ಕಿಂತ ಮುಂಚಿನದಾಗಿತ್ತು. ಎದುರು ಪಕ್ಷದವರು ಅದನ್ನೇ ಹಿಡಿದರು. ಶವ ಎಲ್ಲಿದೆಯೆಂಬುದು ಊರಿಗೆಲ್ಲ ಮೊದಲೇ ಗೊತ್ತಿದ್ದರೆ ಆರೋಪಿ ತೋರಿಸಿಕೊಟ್ಟದ್ದೇನು? ಮೇಲ್ಮನವಿಯ ತೀರ್ಪಿನಲ್ಲಿ ಈ ಪ್ರಶ್ನೆಗೆ ಒಂದಿಡೀ ಪುಟ ಮೀಸಲಾಗಿತ್ತು. ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನಂತೆ ಶೋಧ ಮತ್ತು ಜಪ್ತಿಯನ್ನು ಪೊಲೀಸರೇ ವಿಡಿಯೊ ಮಾಡಬೇಕಾಗಿದೆ. ಒಳ್ಳೆಯದೇ. ಅದರಿಂದ ಪಂಚರ ಕೆಲಸ ಮುಗಿಯಿತೆಂದು ಮಾತ್ರ ಭಾವಿಸಬೇಡಿ. ಜಪ್ತಿಯಾದ ವಸ್ತುಗಳ ಪಟ್ಟಿಗೆ ಈಗಲೂ ಸಾಕ್ಷಿಗಳ ಸಹಿ ಬೇಕು.

ಕೊನೆಯದಾಗಿ ಕಂಡವರ ಸಾಕ್ಷ್ಯದ ಬೆಲೆ ಇದಕ್ಕಿಂತಲೂ ಹೆಚ್ಚು. ಅಪಹರಣ ಸಾಬೀತಾಗಿ, ಅಪಹೃತರು ಶವವಾಗಿ ಸಿಕ್ಕರೆ, ಅವರಿಗೆ ಏನಾಯಿತೆಂದು ವಿವರಿಸಬೇಕಾದವರು ಅಪಹರಿಸಿದವರೇ ಎಂದು 2000ದಲ್ಲಿ ಮೀರ್ ಮೊಹಮ್ಮದ್ ಉಮರ್ ಪ್ರಕರಣದಲ್ಲಿ, ಅದರ ಮರುವರ್ಷ ಸುಚಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಬೀದಿಯ ತುದಿಯಲ್ಲಿ ಮಗುವನ್ನು ಬೈಕಿನ ಮೇಲೆ ಕೂರಿಸಿಕೊಂಡು ಹೋದದ್ದನ್ನು ಕಂಡ ಒಬ್ಬ ಗೂಡಂಗಡಿಯವನು ಇಡೀ ಪ್ರಕರಣವನ್ನು ಹೆಗಲ ಮೇಲೆ ಹೊರಬಲ್ಲ. ಆದರೆ ಆತ ಅದನ್ನು ಪೊಲೀಸರಿಗೆ ಹೇಳುವುದು ಹನ್ನೆರಡು ದಿನ ಬಿಟ್ಟು, ಆರೋಪಿಯ ಭಾವಚಿತ್ರ ಪತ್ರಿಕೆಯಲ್ಲಿ ಬಂದ ಮೇಲೆ! ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳಿದರೆ ಅವನಲ್ಲಿ ಉತ್ತರವಿಲ್ಲ. ಗುರುತು ಪತ್ತೆ ಪರೇಡಿನ ಕಥೆಯೂ ಇದೇ. ಬಂಧಿಸಿದ ದಿನವೇ ಆರೋಪಿಯ ಮುಖವನ್ನು ನೂರು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಂಚಿದರೆ, ಮುಂದೆ ಸಾಕ್ಷಿ ಗುರುತಿಸುವುದು ತಾನು ಕಂಡ ಮನುಷ್ಯನನ್ನೋ ಮೊಬೈಲಿನಲ್ಲಿ ಕಂಡ ಚಿತ್ರವನ್ನೋ ಎಂಬ ಪ್ರಶ್ನೆಗೆ ಯಾವ ಅಭಿಯೋಜಕರೂ ಉತ್ತರ ಕೊಡಲಾರರು. ಕೋಪದಿಂದ ಹಂಚಿದ ಆ ಚಿತ್ರವೇ ಆರೋಪಿಯ ಪಾಲಿಗೆ ಕವಚವಾಗುತ್ತದೆ.

ಫೋನಿನ ಸಾಕ್ಷ್ಯದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದು ಬಹುತೇಕ ಪೊಲೀಸರ ಹೊಣೆ. ಕಂಪ್ಯೂಟರಿನಿಂದ ತೆಗೆದ ಕರೆ ವಿವರಗಳಿಗೆ ಕಾನೂನು ಹೇಳಿದ ಪ್ರಮಾಣಪತ್ರ ಇರಲೇಬೇಕೆಂದು 2014ರ ಅನ್ವರ್ ಪ್ರಕರಣದಲ್ಲಿ ಹೇಳಿದ್ದನ್ನೇ 2020ರಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿತು. ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲಿ ಆ ಪ್ರಮಾಣಪತ್ರಕ್ಕೆ ಎರಡು ಭಾಗಗಳಿದ್ದು, ಒಂದಕ್ಕೆ ತಜ್ಞರ ಸಹಿ ಬೇಕು. ಧ್ವನಿ ಮಾದರಿ ಕೊಡುವಂತೆ ಆರೋಪಿಗೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದೆಂದು 2019ರಲ್ಲೇ ತೀರ್ಮಾನವಾಗಿದೆ. ಹೋಲಿಸಿ ನೋಡಲು ಮೂಲ ಧ್ವನಿ ಇದ್ದರಲ್ಲವೇ ಅದರಿಂದ ಪ್ರಯೋಜನ? ಮನೆಯವರು ಮಾಡಬೇಕಾದದ್ದು ಇಷ್ಟೇ: ಕರೆ ಬಂದ ಫೋನನ್ನು ಮಾರಬೇಡಿ, ಬದಲಿಸಬೇಡಿ, ಧ್ವನಿಮುದ್ರಣವನ್ನು ನೆಂಟರಿಗೆಲ್ಲ ಕಳಿಸಿ ಮೂಲವನ್ನು ಅಳಿಸಬೇಡಿ.

ಈಗ ವಕೀಲ ಮಿತ್ರರಲ್ಲಿ ಒಂದು ಮಾತು. ನೀವು ನನ್ನನ್ನು ಬಲ್ಲಿರಿ, ನಿಮ್ಮಲ್ಲಿ ಎಷ್ಟೋ ಜನ ಕರಿ ಕೋಟು ಹೊಸದಾಗಿ ಹಾಕಿಕೊಂಡ ದಿನ ನನ್ನ ಮೇಜಿನ ಬಳಿ ದಾಖಲೆ ನೋಡುವುದನ್ನು ಕಲಿತವರು, ಆ ಸಲುಗೆಯಿಂದ ಹೇಳುತ್ತೇನೆ. ಮಗುವನ್ನು ಕೊಂದವನ ಪರ ಯಾರೂ ವಕಾಲತ್ತು ವಹಿಸಬಾರದೆಂದು ವಕೀಲರ ಸಂಘಗಳು ನಿರ್ಣಯ ಮಾಡುವುದು ಎಲ್ಲ ಕಡೆ ರೂಢಿಯಾಗಿದೆ. ಅಂಥ ನಿರ್ಣಯಗಳಿಗೆ ಯಾವ ಬೆಲೆಯೂ ಇಲ್ಲವೆಂದು 2010ರ ಮೊಹಮ್ಮದ್ ರಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಅದು ಹಾಗಿರಲಿ, ನಾನು ಹೇಳಬೇಕೆಂದಿರುವುದು ವ್ಯವಹಾರದ ಮಾತು. ಮಧ್ಯಪ್ರದೇಶದ ಅನೋಖಿಲಾಲ್ ಪ್ರಕರಣದಲ್ಲಿ ಆರೋಪ ನಿಗದಿಯಾದ ದಿನವೇ ಆರೋಪಿಗೆ ವಕೀಲರನ್ನು ನೇಮಿಸಿ, ಎರಡು ವಾರಗಳೊಳಗೆ ವಿಚಾರಣೆ ಮುಗಿಸಿ 2013ರಲ್ಲಿ ಮರಣದಂಡನೆ ವಿಧಿಸಿದ್ದರು. 2019ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದೆಲ್ಲವನ್ನೂ ರದ್ದುಪಡಿಸಿ, ವಿಚಾರಣೆಯನ್ನು ಮೊದಲಿನಿಂದ ನಡೆಸಲು ಹೇಳಿತು. ಜೀವಾವಧಿ ಅಥವಾ ಮರಣದಂಡನೆ ಸಾಧ್ಯವಿರುವ ಪ್ರಕರಣಗಳಲ್ಲಿ ಕಾನೂನು ನೆರವಿನ ವಕೀಲರಿಗೆ ಕನಿಷ್ಠ 10 ವರ್ಷದ ಅನುಭವವಿರಬೇಕೆಂದೂ, ತಯಾರಿಗೆ ಸಾಮಾನ್ಯವಾಗಿ ಕನಿಷ್ಠ 7 ದಿನಗಳನ್ನು ಕೊಡಬೇಕೆಂದೂ ನಿಯಮ ಮಾಡಿತು. ಆರು ವರ್ಷಗಳ ನಂತರ ಸತ್ತ ಮಗುವಿನ ಮನೆಯವರು ಮತ್ತೆ ಕಟಕಟೆ ಹತ್ತಬೇಕಾಗಿ ಬರುವುದಕ್ಕಿಂತ ಕ್ರೂರವಾದದ್ದು ಏನಿದೆ?

ಇದಕ್ಕೆ ತದ್ವಿರುದ್ಧವಾದ ಒಂದು ಉದಾಹರಣೆ ನನ್ನ ಕಣ್ಣ ಮುಂದೆಯೇ ಇದೆ. ಅಂಥದೇ ಒಂದು ಕೊಲೆ ಪ್ರಕರಣದಲ್ಲಿ ಆರೋಪಿಗಾಗಿ ಯಾರೂ ಮುಂದೆ ಬಾರದಿದ್ದಾಗ, ಕಾನೂನು ಸೇವಾ ಪ್ರಾಧಿಕಾರದ ಮೂಲಕ ಒಬ್ಬ ಹಿರಿಯ ವಕೀಲರು ಒಪ್ಪಿಕೊಂಡರು. ಕಕ್ಷಿದಾರರು ಅವರನ್ನು ಬಿಟ್ಟರು, ಮದುವೆ ಮನೆಯಲ್ಲಿ ಪಂಕ್ತಿಯಿಂದ ಎದ್ದು ಹೋದವರೂ ಇದ್ದರು. ಅವರು ತನಿಖಾಧಿಕಾರಿಯನ್ನು ಎರಡು ದಿನ ಪಾಟಿ ಸವಾಲಿಗೆ ಒಳಪಡಿಸಿದರು. ಕೇಳಬಹುದಾದ ಸಂಶಯವನ್ನೆಲ್ಲ ಕೇಳಿದರು, ಅದಕ್ಕೆಲ್ಲ ಉತ್ತರ ಕಡತಕ್ಕೆ ಬಂತು. ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಬೆಂಗಳೂರಿನ ವಕೀಲರು ಎತ್ತಿದ ಒಂದೊಂದು ಪ್ರಶ್ನೆಗೂ ವಿಚಾರಣೆಯಲ್ಲೇ ಉತ್ತರ ಸಿಕ್ಕಿದೆಯೆಂದು ವಿಭಾಗೀಯ ಪೀಠ ಬರೆದು ಶಿಕ್ಷೆಯನ್ನು ಎತ್ತಿಹಿಡಿಯಿತು. ನಾನು ಕಳಿಸಿದ ಕಡತಗಳಲ್ಲಿ ಅಷ್ಟು ಗಟ್ಟಿಯಾಗಿ ನಿಂತದ್ದು ಕಡಿಮೆ. ಆರೋಪಿಯ ಪರ ಹೋರಾಡಿದ ಮನುಷ್ಯನೇ ಅದನ್ನು ಗಟ್ಟಿ ಮಾಡಿದ್ದ. ಆ ವಕೀಲರಿಗೆ ಊರು ಯಾವತ್ತೂ ಕೃತಜ್ಞತೆ ಹೇಳಲಿಲ್ಲ. ತಡವಾಗಿಯಾದರೂ ಇಲ್ಲಿ ನಾನು ಹೇಳುತ್ತಿದ್ದೇನೆ.

ಗಲ್ಲಾಗಲೇಬೇಕೆಂಬ ಕೂಗಿನ ಬಗ್ಗೆಯೂ ಎರಡು ಮಾತು. ತಮಿಳುನಾಡಿನ ಕಡಲೂರು ಜಿಲ್ಲೆಯಲ್ಲಿ 2009ರಲ್ಲಿ 7 ವರ್ಷದ ಬಾಲಕನನ್ನು ಅಪಹರಿಸಿ, 5 ಲಕ್ಷ ರೂಪಾಯಿ ಕೇಳಿ, ಕೊಂದ ಸುಂದರರಾಜನ್ ಎಂಬವನಿಗೆ ವಿಧಿಸಿದ್ದ ಮರಣದಂಡನೆಯನ್ನು 2013ರಲ್ಲಿ ಎತ್ತಿಹಿಡಿದಿದ್ದ ಸುಪ್ರೀಂ ಕೋರ್ಟ್, 2023ರ ಮಾರ್ಚ್‌ನಲ್ಲಿ ಪುನರ್ ಪರಿಶೀಲನೆಯ ನಂತರ ಅದನ್ನು ಕನಿಷ್ಠ 20 ವರ್ಷ ಅವಧಿ ಕಡಿತವಿಲ್ಲದೆ ಜೈಲಿನಲ್ಲಿರಬೇಕಾದ ಜೀವಾವಧಿಗೆ ಇಳಿಸಿತು. ಅಪರಾಧ ಸಾಬೀತಾಗಿದೆ ಎಂಬುದರಲ್ಲಿ ಬದಲಾವಣೆ ಇರಲಿಲ್ಲ. ಸತ್ತವನು ಮನೆಗೆ ಒಬ್ಬನೇ ಗಂಡು ಮಗನೆಂಬುದನ್ನು ಶಿಕ್ಷೆ ಹೆಚ್ಚಿಸುವ ಕಾರಣವಾಗಿ ಎಣಿಸಬಾರದೆಂದೂ ಆ ತೀರ್ಪು ಹೇಳಿತು. ನಮ್ಮ ಬೀದಿಗಳಲ್ಲಿ ಆ ಮಾತನ್ನು ಎಷ್ಟು ಸಲ ಕೇಳಿದ್ದೇವೆ! ಹೀಗೆ ಇಷ್ಟು ವರ್ಷ ಅವಧಿ ಕಡಿತವಿಲ್ಲದೆ ಇರಬೇಕೆಂದು ವಿಧಿಸುವ ದಾರಿ ತೆರೆದದ್ದು ನಮ್ಮ ರಾಜ್ಯದ ಶ್ರದ್ಧಾನಂದ ಪ್ರಕರಣದಲ್ಲಿ, 2008ರಲ್ಲಿ. ಆ ಅಧಿಕಾರ ಉಚ್ಚ ನ್ಯಾಯಾಲಯಕ್ಕೆ ಮತ್ತು ಸುಪ್ರೀಂ ಕೋರ್ಟಿಗೆ ಮಾತ್ರ ಇದೆ. ಶಿಕ್ಷೆ ಇಳಿದರೆ ಬಿಡುಗಡೆಯಾಯಿತೆಂದಲ್ಲ, ಮೇಲ್ಮನವಿ ಬಾಕಿಯಿರುವಾಗ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟರೆ ಖುಲಾಸೆಯಾಯಿತೆಂದೂ ಅಲ್ಲ.

ಶಿಕ್ಷೆಯಾದ ದಿನ ಸಿಹಿ ಹಂಚಿದ ಮೇಲೆ ಊರು ಆ ಮನೆಯನ್ನು ಮರೆಯುತ್ತದೆ. ಒಬ್ಬ ತಂದೆ ಪ್ರತಿ ವರ್ಷ, ಮಗನ ತಿಥಿಯ ಆಸುಪಾಸಿನಲ್ಲಿ, ನನ್ನ ಮೇಜಿನ ಬಳಿ ಬಂದು "ಬೆಂಗಳೂರಿಂದ ಏನಾದ್ರೂ ಬಂತಾ ಶಿರಸ್ತೇದಾರ್ರೇ?" ಎಂದು ಕೇಳುತ್ತಿದ್ದರು. ಏನೂ ಬಂದಿರುತ್ತಿರಲಿಲ್ಲ. ಕೊನೆಗೆ ಬಂದಾಗ ಅವರು ಅದನ್ನು ನನ್ನಿಂದ ತಿಳಿಯಲಿಲ್ಲ, ಪತ್ರಿಕೆಯಲ್ಲಿ ಓದಿದ್ದರು. ಅಂಥವರಿಗೆ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಪ್ರತಿ ಪ್ರಕರಣಕ್ಕೂ 16 ಅಕ್ಷರ ಮತ್ತು ಅಂಕಿಗಳ ಒಂದು ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದಿದ್ದರೆ ಮೇಲ್ಮನವಿ ಯಾವ ಹಂತದಲ್ಲಿದೆಯೆಂದು ಮನೆಯಲ್ಲೇ ಮೊಬೈಲಿನಲ್ಲಿ ನೋಡಬಹುದು. ಆರೋಪಿಗೆ ಜಾಮೀನು ಕೊಡುವ ಹಂತವೂ ಸೇರಿ ಎಲ್ಲ ಹಂತಗಳಲ್ಲಿ ಸಂತ್ರಸ್ತರಿಗೆ ತಮ್ಮ ಮಾತು ಹೇಳುವ ಹಕ್ಕಿದೆಯೆಂದು 2022ರಲ್ಲಿ ಲಖೀಂಪುರ ಖೇರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆರೋಪಿ ಖುಲಾಸೆಯಾದರೆ ಸರ್ಕಾರದ ಬಾಗಿಲು ಕಾಯದೆ ತಾವೇ ಮೇಲ್ಮನವಿ ಸಲ್ಲಿಸಬಹುದು. ಅದಕ್ಕೆ ವಿಶೇಷ ಅನುಮತಿ ಬೇಕಿಲ್ಲವೆಂದು 2018ರಲ್ಲಿ ತೀರ್ಮಾನವಾದದ್ದು ನಮ್ಮ ರಾಜ್ಯದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿಯೇ. ಪರಿಹಾರಕ್ಕಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು, ಭಯವಿದ್ದರೆ ಸಾಕ್ಷಿ ರಕ್ಷಣೆಯನ್ನು ಕೋರಬಹುದು. ಇವನ್ನೆಲ್ಲ ಆ ತಂದೆಗೆ ಕೂರಿಸಿಕೊಂಡು ವಿವರಿಸುವಷ್ಟು ವ್ಯವಧಾನ ಅಂದು ನನಗೂ ಇರಲಿಲ್ಲ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ವರ್ತಕರ ಸಂಘಗಳು, ನಿವೃತ್ತ ನೌಕರರ ಸಂಘಗಳು, ಬಡಾವಣೆಗಳ ಹಿತರಕ್ಷಣಾ ಸಮಿತಿಗಳು ಈಗ ಮಾಡಬಹುದಾದ ಒಂದು ಕೆಲಸವಿದೆ. ಪ್ರತಿಯೊಂದು ವಾರ್ಡಿನಲ್ಲಿ ಓದು ಬರಹ ಬಲ್ಲ, ಊರು ಬಿಟ್ಟು ಹೋಗದ, ಕಟಕಟೆಯಲ್ಲಿ ತಡವರಿಸದ ಹತ್ತು ಹೆಂಗಸರು ಗಂಡಸರ ಹೆಸರು ಮತ್ತು ದೂರವಾಣಿ ಸಂಖ್ಯೆಗಳನ್ನು ಬರೆದು, ಕರೆದಾಗ ಪಂಚರಾಗಿ ಬರಲು ಇವರು ಸಿದ್ಧರಿದ್ದಾರೆಂದು ತಮ್ಮ ಠಾಣೆಗೆ ಕೊಡಲಿ. ಹೋದವರು ಕಂಡದ್ದನ್ನು ಮಾತ್ರ ಬರೆಸಲಿ, ಕಾಣದ್ದಕ್ಕೆ ಸಹಿ ಹಾಕದಿರಲಿ, ಸಮಯವನ್ನು ತಮ್ಮ ಗಡಿಯಾರ ನೋಡಿಯೇ ಬರೆಸಲಿ, ಸಮನ್ಸ್ ಬಂದ ದಿನ ಅಂಗಡಿಯ ಬಾಗಿಲು ಒಂದು ದಿನ ಮುಚ್ಚಲಿ. ಬಂದ್‌ಗಾಗಿ ಮುಚ್ಚಿದವರಿಗೆ ಅದು ಕಷ್ಟವಾಗಲಾರದು. ನಮ್ಮ ವಾರ್ಡಿನ ಪಟ್ಟಿಯಲ್ಲಿ ಮೊದಲ ಹೆಸರು ನನ್ನದಿರಲಿ. ಮಂಡಿ ನೋವಿದೆ, ಆದರೂ ನಾಲೆಯ ಏರಿಯವರೆಗೆ ನಡೆಯಬಲ್ಲೆ. ಕನ್ನಡಕ ಇದೆ, ಓದದೆ ಸಹಿ ಹಾಕುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿರಸ್ತೇದಾರ,
ದಾವಣಗೆರೆ